ಮಣ್ಣಿನ ತೇವ ಹೇಳುವ ಮೀಟರ್ ಮತ್ತು ಬಾಡಿದ ಒಂದು ಪೀಸ್ ಲಿಲಿ: ಮೂರು ತಿಂಗಳ ಬಳಕೆಯ ನಂತರ

ಕಳೆದ ಜುಲೈ ಮೊದಲ ವಾರದಲ್ಲಿ 349 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿಕೊಂಡ ಮಣ್ಣಿನ ಮೀಟರೊಂದರ ಬಗ್ಗೆ ಈ ಬರಹ. ಹಸಿರು ಪ್ಲಾಸ್ಟಿಕ್ಕಿನ ಚಪ್ಪಟೆ ತಲೆ, ಅದರೊಳಗೆ ಮುಳ್ಳು ಓಡಾಡುವ ಸಣ್ಣ ಡಯಲ್, ಕೆಳಗೆ ಸುಮಾರು ಒಂದು ಗೇಣುದ್ದದ ಎರಡು ಲೋಹದ ಕಡ್ಡಿಗಳು, ಮುಂಭಾಗದಲ್ಲಿ ತೇವ, ಬೆಳಕು, ಪಿಎಚ್ (ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ) ಎಂದು ಮೂರು ಕಡೆಗೆ ಸರಿಸಬಹುದಾದ ಸ್ವಿಚ್ಚು, ಇಷ್ಟೇ ಅದರ ರೂಪ. ಬ್ಯಾಟರಿ ಬೇಡ. ಇದೇ ಅಚ್ಚಿನ ಮೀಟರ್ ಹತ್ತಾರು ಹೆಸರುಗಳಲ್ಲಿ, ಇನ್ನೂರೈವತ್ತರಿಂದ ಐನೂರು ರೂಪಾಯಿಯವರೆಗಿನ ಬೆಲೆಗಳಲ್ಲಿ ಸಿಗುವುದರಿಂದ ನನ್ನದು ಯಾವ ಹೆಸರಿನದೆಂದು ಹೇಳಿ ಪ್ರಯೋಜನವಿಲ್ಲ. ನಾನು ಬರೆಯುತ್ತಿರುವುದು ಈ ಜಾತಿಯ ಉಪಕರಣದ ಬಗ್ಗೆ. ಗಿಡ ಸಾಕುವುದು ಹೊಸತಾಗಿದ್ದು, ಕಣ್ಣೆದುರಿಗೆ ಗಿಡವೊಂದು ಸೊರಗುತ್ತಿರುವಾಗ ಇದನ್ನು ಕೊಳ್ಳಬೇಕೇ ಎಂದು ಯೋಚಿಸುತ್ತಿರುವವರಿಗಾಗಿ. ನಾನು ಕೊಂಡದ್ದೂ ಅಂಥದೇ ಸ್ಥಿತಿಯಲ್ಲಿ.

ಗಿಡದ ವಿಷಯ ಮೊದಲು ಹೇಳಬೇಕು, ಏಕೆಂದರೆ ಮೀಟರಿನ ಗುಣದೋಷಗಳೆಲ್ಲ ಗೊತ್ತಾದದ್ದು ಅದರಿಂದಲೇ. ಫೆಬ್ರವರಿಯಲ್ಲಿ ನಮ್ಮ ಗೃಹಪ್ರವೇಶಕ್ಕೆ ಬಂದಿದ್ದ ಸ್ನೇಹಿತರೊಬ್ಬರು ಎರಡು ಬಿಳಿ ಹೂಗಳಿದ್ದ ಪೀಸ್ ಲಿಲಿಯನ್ನು ಉಡುಗೊರೆಯಾಗಿ ತಂದುಕೊಟ್ಟರು. ಹೆಸರಿನಲ್ಲಿ ಲಿಲಿ ಎಂದಿದ್ದರೂ ಅದು ಲಿಲಿಯಲ್ಲ. ನಮ್ಮ ಕೆಸು, ಸುವರ್ಣಗೆಡ್ಡೆ, ಆಂಥೂರಿಯಂಗಳ ಕುಟುಂಬಕ್ಕೆ ಸೇರಿದ, ಅಮೆರಿಕ ಖಂಡದ ಉಷ್ಣವಲಯದ ಕಾಡುಗಳಲ್ಲಿ ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವ ಗಿಡ. ನಾವು ಹೂವೆನ್ನುವ ಆ ಬಿಳಿಯ ಭಾಗವೂ ನಿಜವಾಗಿ ಎಲೆಯ ಒಂದು ರೂಪಾಂತರವೇ. ಕೆಸುವಿನ ಎಲೆಯನ್ನು ಹುಳಿ ಹಾಕದೆ ಬೇಯಿಸಿದರೆ ಗಂಟಲು ತುರಿಸುವುದಕ್ಕೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಇದರಲ್ಲೂ ಇರುವುದರಿಂದ, ಅಂಬೆಗಾಲಿಡುವ ಮಕ್ಕಳೂ ಬೆಕ್ಕುಗಳೂ ಇರುವ ಮನೆಯಲ್ಲಿ ಇದನ್ನು ಎತ್ತರದಲ್ಲಿಡುವುದು ಒಳ್ಳೆಯದು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಇದು ನೆರಳಿನಲ್ಲಿ ಬದುಕುವ ಗಿಡ. ಹಾಗಾಗಿ ಅದನ್ನು ಹಾಲಿನ ಮೂಲೆಯಲ್ಲಿ, ಟಿವಿ ಸ್ಟ್ಯಾಂಡಿನ ಪಕ್ಕಕ್ಕೆ ಇಟ್ಟೆ.

ಏಪ್ರಿಲಿನಲ್ಲಿ ಗಿಡ ಇನ್ನೂ ಚೆನ್ನಾಗಿರುವಾಗಲೇ ಒಂದು ತಪ್ಪು ಮಾಡಿದೆ. ನರ್ಸರಿಯ ಕುಂಡ ಚಿಕ್ಕದಾಯಿತೆಂದು ಭಾವಿಸಿ ಹನ್ನೆರಡು ಇಂಚಿನ ಪ್ಲಾಸ್ಟಿಕ್ ಕುಂಡ ತಂದು, ಸುತ್ತಲೂ ತೆಂಗಿನ ನಾರಿನ ಪುಡಿಯಾದ ಕೊಕೊಪೀಟ್ ತುಂಬಿ, ಹಳೆಯ ಮಣ್ಣಿನ ಹೆಂಟೆಯನ್ನು ಒಡೆಯದೆ ಹಾಗೆಯೇ ನಡುವೆ ಕೂರಿಸಿದೆ. ಬೆಂಗಳೂರಿನ ನರ್ಸರಿಗಳಲ್ಲಿ ಗಿಡಗಳನ್ನು ಸಾಮಾನ್ಯವಾಗಿ ಕೆಮ್ಮಣ್ಣಿನಲ್ಲೇ ನೆಟ್ಟಿರುತ್ತಾರೆ. ಸಾಗಿಸುವಾಗ ಬೇರು ಅಲುಗದಂತೆ ಹಿಡಿದುಕೊಳ್ಳುವ ಮಣ್ಣು ಅವರಿಗೆ ಅನುಕೂಲ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊರಗೆ ಹಗುರವಾದ ನಾರಿನ ಪುಡಿ, ಒಳಗೆ ಜಿಗುಟಾದ ಕೆಮ್ಮಣ್ಣಿನ ಮುದ್ದೆ ಎಂಬ ಈ ಎರಡು ಲೋಕಗಳನ್ನು ಒಂದೇ ಕುಂಡದಲ್ಲಿ ಇಟ್ಟಿದ್ದೇನೆಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಜೂನ್ ಕೊನೆಗೆ ಮಳೆ ಹಿಡಿದು, ದಿನವಿಡೀ ಮೋಡ ಕವಿದಿರುವ ಕಾಲದಲ್ಲಿ, ಎಲೆಗಳೆಲ್ಲ ತೊಟ್ಟಿನ ಬುಡದಿಂದಲೇ ಬಾಗಿ ಕುಂಡದ ಅಂಚಿನ ಮೇಲೆ ಒರಗಿದವು.

ಪೀಸ್ ಲಿಲಿಯ ದೊಡ್ಡ ತೊಂದರೆಯೆಂದರೆ ಅದು ಬಾಯಾರಿದಾಗ ಹೇಗೆ ಬಾಡುತ್ತದೆಯೋ, ನೀರು ಹೆಚ್ಚಾಗಿ ಬೇರು ಕೊಳೆತಾಗಲೂ ಹಾಗೆಯೇ ಬಾಡುತ್ತದೆ. ಬೇರು ಸತ್ತ ಮೇಲೆ ಸುತ್ತ ನೀರೆಷ್ಟಿದ್ದರೂ ಎಲೆಗೆ ಹೋಗಿ ಮುಟ್ಟುವುದಿಲ್ಲ. ನೋಡುವವರ ಕಣ್ಣಿಗೆ ಎರಡೂ ಒಂದೇ. ಈ ಗೊಂದಲ ಬಿಡಿಸಿಕೊಳ್ಳಲಿಕ್ಕೆಂದೇ ನಾನು ಮೀಟರ್ ತರಿಸಿದ್ದು. ಪಾರ್ಸೆಲ್ ಬಂದ ದಿನ ಬಾಗಿಲು ತೆರೆದಿಟ್ಟುಕೊಂಡೇ ಕಡ್ಡಿಯನ್ನು ಕುಂಡಕ್ಕೆ ಚುಚ್ಚಿ ಬಗ್ಗಿ ನೋಡುತ್ತಿದ್ದಾಗ, ಮೆಟ್ಟಿಲಿಳಿಯುತ್ತಿದ್ದ ಕೆಳಮನೆಯ ಹಿರಿಯರೊಬ್ಬರು ನಿಂತು, “ಏನ್ರೀ, ಗಿಡಕ್ಕೆ ಜ್ವರ ನೋಡ್ತಿದ್ದೀರಾ?” ಎಂದು ಕೇಳಿದರು. ಮುಳ್ಳು 2ರ ಮೇಲೆ ನಿಂತಿತ್ತು. ಡಯಲ್ಲಿನಲ್ಲಿ 1ರಿಂದ 3ರವರೆಗೆ ಕೆಂಪು, ಅಂದರೆ ಒಣಗಿದೆ; 4ರಿಂದ 7 ಹಸಿರು; 8ರಿಂದ 10 ನೀಲಿ, ಅಂದರೆ ಒದ್ದೆ. ಗಿಡಕ್ಕೆ ನೀರಿಲ್ಲವೆಂದು ಯಂತ್ರವೇ ಹೇಳುತ್ತಿರುವಾಗ ನನಗೆ ಅನುಮಾನವೇಕೆ? ಎರಡು ಚೊಂಬು ನೀರು ಹೊಯ್ದೆ. ಮೂರು ದಿನ ಬಿಟ್ಟು ನೋಡಿದಾಗ ಮುಳ್ಳು ಮತ್ತೆ 3ಕ್ಕೆ ಇಳಿದಿತ್ತು, ಮತ್ತೆ ಹೊಯ್ದೆ. ಹತ್ತನೆಯ ದಿನಕ್ಕೆ ಕುಂಡದಿಂದ ಚರಂಡಿಯ ಬದಿಯಲ್ಲಿ ಬರುವಂಥ ವಾಸನೆ ಬರತೊಡಗಿತು.

ಅಂದು ಸಂಜೆ ಹಳೆಯ ದಿನಪತ್ರಿಕೆ ಹರಡಿ ಗಿಡವನ್ನು ಮಗುಚಿದೆ. ಕೊಕೊಪೀಟ್ ಉದುರುದುರಾಗಿ ಬಿದ್ದಿತು. ಬೆರಳಿಗೆ ಅಲ್ಪಸ್ವಲ್ಪ ತಂಪು ಹತ್ತಿದ್ದು ಬಿಟ್ಟರೆ ಅದರಲ್ಲಿ ಹೇಳಿಕೊಳ್ಳುವಷ್ಟು ನೀರಿರಲಿಲ್ಲ. ನಡುವಿನ ಕೆಮ್ಮಣ್ಣಿನ ಹೆಂಟೆ ಮಾತ್ರ ರಾಗಿ ಅಂಬಲಿಗೆ ಹಿಟ್ಟು ಕದಡಿಟ್ಟ ಹಾಗೆ ಮೆತ್ತಗಾಗಿತ್ತು, ಹಿಂಡಿದರೆ ನೀರು ಸೋರುತ್ತಿತ್ತು. ಬೇರುಗಳನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಾಗ ಹೊರಗಿನ ಸಿಪ್ಪೆ ಬೆರಳಿಗೆ ಕಿತ್ತುಬಂದು, ಒಳಗೆ ಕೂದಲಿನಂಥ ಎಳೆಯೊಂದು ಮಾತ್ರ ಉಳಿಯುತ್ತಿತ್ತು. ಕೊಳೆತ ಬೇರನ್ನು ಗುರುತಿಸುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಡ: ಆರೋಗ್ಯವಾಗಿರುವ ಬೇರು ಬಿಳಿ ಅಥವಾ ಕೆನೆಬಣ್ಣದ್ದಾಗಿದ್ದು ಎಳೆದರೆ ಗಟ್ಟಿಯಾಗಿರುತ್ತದೆ, ಕೊಳೆತದ್ದು ಕಂದು ಬಣ್ಣಕ್ಕೆ ತಿರುಗಿ ಕೈಯಲ್ಲಿ ಜಾರುತ್ತದೆ.

ಮೀಟರ್ ಸುಳ್ಳು ಹೇಳಿತೇ? ಹೇಳಲಿಲ್ಲ. ಅದರ ಕಡ್ಡಿಗಳು ನಿಂತಿದ್ದ ಜಾಗದಲ್ಲಿ, ಅಂದರೆ ಕುಂಡದ ಅಂಚಿನ ಕೊಕೊಪೀಟಿನಲ್ಲಿ, ನಿಜಕ್ಕೂ ತೇವ ಕಡಿಮೆಯಿತ್ತು. ಬೇರುಗಳೆಲ್ಲ ಇದ್ದದ್ದು ಅಲ್ಲಿಂದ ನಾಲ್ಕು ಬೆರಳು ಆಚೆ. ಹೆಂಟೆಯೊಳಗೆ ಚುಚ್ಚಿ ನೋಡಿದ್ದರೆ ಮುಳ್ಳು ನೀಲಿಯ ತುದಿಗೆ ಹೋಗಿ ಬಡಿಯುತ್ತಿತ್ತು; ಅಂದು ಸಂಜೆ ಪತ್ರಿಕೆಯ ಮೇಲೆ ಬಿದ್ದಿದ್ದ ಆ ಮುದ್ದೆಗೆ ಚುಚ್ಚಿದಾಗ ಹಾಗೆಯೇ ಆಯಿತು. ಆದರೆ ಗಿಡದ ಬುಡಕ್ಕೆ ಕಡ್ಡಿ ಚುಚ್ಚಿದರೆ ಬೇರು ಕಡಿಯುತ್ತದೆಂಬ ಭಯದಿಂದ ಹೊಸಬರೆಲ್ಲ ಅಂಚಿನಲ್ಲೇ ಚುಚ್ಚುತ್ತಾರೆ. ಪೆಟ್ಟಿಗೆಯಲ್ಲಿದ್ದ ಇರುವೆಯಂಥ ಇಂಗ್ಲಿಷ್ ಅಕ್ಷರಗಳ ಚೀಟಿಯಲ್ಲಿ ಎಷ್ಟು ಆಳಕ್ಕೆ ಇಳಿಸಬೇಕೆಂದು ಬರೆದಿತ್ತೇ ಹೊರತು, ಒಂದೇ ಕುಂಡದಲ್ಲಿ ನಾಲ್ಕು ಕಡೆ ನೋಡಬೇಕೆಂದು ಎಲ್ಲಿಯೂ ಇರಲಿಲ್ಲ.

ಇನ್ನೊಂದು ಕಾರಣ ಉಪಕರಣದ ಒಳಗುಟ್ಟಿಗೇ ಸಂಬಂಧಿಸಿದ್ದು. ಎರಡು ಬೇರೆ ಬೇರೆ ಲೋಹಗಳನ್ನು ಲವಣವಿರುವ ತೇವದೊಳಗೆ ಇಳಿಸಿದರೆ ಅವುಗಳ ನಡುವೆ ಸಣ್ಣದೊಂದು ವಿದ್ಯುತ್ ಹರಿಯುತ್ತದೆ. ಶಾಲೆಯಲ್ಲಿ ನಿಂಬೆಹಣ್ಣಿಗೆ ತಾಮ್ರದ ತಂತಿ, ಸತುವಿನ ಮೊಳೆ ಚುಚ್ಚಿ ತೋರಿಸುತ್ತಿದ್ದ ಪ್ರಯೋಗವೇ ಇಲ್ಲೂ ನಡೆಯುವುದು. ಬ್ಯಾಟರಿ ಬೇಡದಿರುವ ರಹಸ್ಯ ಇದೇ. ಹಾಗಾಗಿ ಮುಳ್ಳು ಅಳೆಯುವುದು ನೀರನ್ನಲ್ಲ, ಆ ವಿದ್ಯುತ್ತನ್ನು. ಕಡ್ಡಿಗೆ ಒತ್ತಿಕೊಂಡು ಕೂರುವ ಜಿಗುಟು ಮಣ್ಣಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಕೊಕೊಪೀಟ್, ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರವಾದ ಬಿಳಿ ಕಲ್ಲಿನ ಹರಳು) ಇವುಗಳಂಥ ಗಾಳಿಯಾಡುವ ಮಿಶ್ರಣದಲ್ಲಿ ಕಡ್ಡಿಯ ಸುತ್ತ ಪೊಳ್ಳುಗಳೇ ಹೆಚ್ಚಾದ್ದರಿಂದ, ಒದ್ದೆಯಿದ್ದರೂ ಮುಳ್ಳು ಕೆಳಗೇ ಉಳಿಯುತ್ತದೆ. ಮನೆಯೊಳಗಿನ ಗಿಡಗಳಿಗೆ ಈಗ ಎಲ್ಲರೂ ಹೇಳುವುದು ಇಂಥ ಹಗುರ ಮಿಶ್ರಣವನ್ನೇ ಎಂಬುದನ್ನು ನೆನಪಿಟ್ಟುಕೊಂಡರೆ, ಈ ಮೀಟರನ್ನು ಹೆಚ್ಚಾಗಿ ಕೊಳ್ಳುವವರ ಮನೆಯಲ್ಲಿಯೇ ಅದು ಹೆಚ್ಚು ತಪ್ಪುತ್ತದೆಂದು ಹೇಳಬೇಕಾಗುತ್ತದೆ.

ಇದನ್ನು ನಂಬದವರು ಅಡುಗೆಮನೆಯಲ್ಲಿ ಐದು ನಿಮಿಷದಲ್ಲಿ ಪರೀಕ್ಷಿಸಬಹುದು. ನಾನು ಮೂರು ಲೋಟ ಇಟ್ಟುಕೊಂಡೆ. ಮೊದಲನೆಯದರಲ್ಲಿ ಆರ್‌ಒ ಫಿಲ್ಟರಿನ ನೀರು, ಎರಡನೆಯದರಲ್ಲಿ ನಮ್ಮ ಬೋರ್‌ವೆಲ್ ನೀರು, ಮೂರನೆಯದರಲ್ಲಿ ಫಿಲ್ಟರ್ ನೀರಿಗೇ ಒಂದು ಚಿಟಿಕೆ ಉಪ್ಪು. ಬರೀ ನೀರೇ ತುಂಬಿರುವ ಮೊದಲ ಲೋಟದಲ್ಲಿ ಮುಳ್ಳು 3ರ ಆಸುಪಾಸಿನಲ್ಲಿ ನಿಂತಿತು, ಅಂದರೆ ಆ ನೀರು “ಒಣಗಿದೆ”! ಬೋರ್‌ವೆಲ್ ನೀರಿನಲ್ಲಿ 8 ದಾಟಿತು. ಉಪ್ಪು ಬಿದ್ದ ಲೋಟದಲ್ಲಿ ಮುಳ್ಳು 10ಕ್ಕೆ ಹಾರಿ ಗೋಡೆಗೆ ಒರಗಿತು. ಗಡಸು ನೀರು ಹಾಕುವ ಮನೆಗಳಲ್ಲಿ ಕುಂಡದ ಅಂಚಿಗೆ ಬಿಳಿಯ ಪುಡಿಯಂತೆ ಲವಣ ಕಟ್ಟಿಕೊಳ್ಳುವುದನ್ನು ನೀವು ನೋಡಿರಬಹುದು. ಅಂಥ ಹಳೆಯ ಮಣ್ಣಿನಲ್ಲಿ ಮೀಟರ್ ನಿಜಕ್ಕಿಂತ ಹೆಚ್ಚು ಒದ್ದೆಯನ್ನೇ ತೋರಿಸುತ್ತದೆ. ಅಂದರೆ ಹೊಸ ಕೊಕೊಪೀಟಿನಲ್ಲಿ ಒಂದು ದಿಕ್ಕಿಗೆ, ಹಳೆಯ ಮಣ್ಣಿನಲ್ಲಿ ಇನ್ನೊಂದು ದಿಕ್ಕಿಗೆ ಅದು ತಪ್ಪುತ್ತದೆ. ಒಂದೇ ದಿಕ್ಕಿಗೆ ತಪ್ಪುತ್ತಿದ್ದರೆ ಲೆಕ್ಕ ಸರಿಮಾಡಿಕೊಳ್ಳಬಹುದಿತ್ತು.

ಗಿಡವನ್ನು ಉಳಿಸಲು ಮಾಡಿದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಮೀಟರಿನ ಪಾತ್ರ ಎಷ್ಟು ಸಣ್ಣದೆಂಬುದು ಅದರಿಂದ ತಿಳಿಯುತ್ತದೆ. ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಂಡು, ಮೆತ್ತಗಾದ ಬೇರುಗಳನ್ನೆಲ್ಲ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿದೆ. ಕೊನೆಗೆ ಉಳಿದದ್ದು ಏಳೆಂಟು ಬಿಳಿ ಬೇರುಗಳು ಮಾತ್ರ. ಅಷ್ಟು ಬೇರು ಹದಿನಾರು ಎಲೆಗಳಿಗೆ ನೀರು ಒದಗಿಸಲಾರದೆಂದು, ಹಳದಿಯಾದವನ್ನೂ ಹೊರಸುತ್ತಿನ ಹಳೆಯವನ್ನೂ ಬುಡದಿಂದ ತೆಗೆದು ಆರನ್ನು ಉಳಿಸಿಕೊಂಡೆ. ಕೊಕೊಪೀಟನ್ನು ಎರಡು ಸಲ ತೊಳೆದು ಹಿಂಡಿ, ಎರಡು ಪಾಲು ಅದಕ್ಕೆ ಒಂದು ಪಾಲು ಪರ್ಲೈಟ್, ಒಂದು ಹಿಡಿ ಇದ್ದಿಲಿನ ಚೂರು ಬೆರೆಸಿದೆ. ತೊಳೆಯುವುದು ಏಕೆಂದರೆ ಅಗ್ಗದ ಕೊಕೊಪೀಟಿನಲ್ಲಿ ಉಪ್ಪಿನಂಶ ಉಳಿದಿರುತ್ತದೆ. ಗೊಬ್ಬರ ಹಾಕಲಿಲ್ಲ. ಬೇರಿಲ್ಲದ ಗಿಡಕ್ಕೆ ಗೊಬ್ಬರ ಹಾಕುವುದು ಜ್ವರದಲ್ಲಿರುವವರಿಗೆ ಹೋಳಿಗೆ ಬಡಿಸಿದಂತೆ. ಮುಖ್ಯವಾಗಿ, ಹನ್ನೆರಡು ಇಂಚಿನ ಕುಂಡವನ್ನು ಬದಿಗಿಟ್ಟು, ತಳದಲ್ಲಿ ತೂತಿರುವ ಐದು ಇಂಚಿನ ಮಣ್ಣಿನ ಕುಂಡಕ್ಕೆ ಗಿಡವನ್ನು ಇಳಿಸಿದೆ. ಬೇರು ಮುಟ್ಟದ ಮಣ್ಣಿನಲ್ಲಿರುವ ನೀರನ್ನು ಹೀರುವವರು ಯಾರೂ ಇಲ್ಲದ್ದರಿಂದ ಅದು ಅಲ್ಲೇ ನಿಂತು, ಮಣ್ಣಿನ ಪೊಳ್ಳುಗಳಲ್ಲಿರಬೇಕಾದ ಗಾಳಿಯನ್ನು ಹೊರದೂಡುತ್ತದೆ. ನೀರಿನೊಳಗೆ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಉಸಿರುಗಟ್ಟಿದ ಬೇರಿಗೆ ಪಿಥಿಯಂನಂಥ ಕೊಳೆರೋಗದ ಜೀವಿಗಳು ಹತ್ತುವುದು ಆಮೇಲಿನ ಮಾತು.

ಇನ್ನು ಬೆಳಕು. ತೇವಕ್ಕೆಂದು ಕೊಂಡ ಮೀಟರಿನಿಂದ ನನಗೆ ನಿಜವಾಗಿ ಉಪಕಾರವಾದದ್ದು ನಾನು ಕೊಳ್ಳುವಾಗ ಗಮನವನ್ನೇ ಕೊಡದಿದ್ದ ಈ ಭಾಗದಿಂದ. ಸ್ವಿಚ್ಚನ್ನು ಬೆಳಕಿನ ಕಡೆಗೆ ಸರಿಸಿ ಟಿವಿ ಪಕ್ಕದ ಮೂಲೆಯಲ್ಲಿ ಹಿಡಿದರೆ ಮುಳ್ಳು ಸೊನ್ನೆಯಿಂದ ಕದಲಲೇ ಇಲ್ಲ. ಪೂರ್ವದ ಕಿಟಕಿಯಿಂದ ಎರಡಡಿ ದೂರದಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ, ಮೊದಲ ಗೆರೆಯವರೆಗೆ ಎದ್ದಿತು. ಡಯಲ್ಲಿನಲ್ಲಿ 0ರಿಂದ 2000ದವರೆಗೆ ಅಂಕಿಗಳಿವೆಯೇ ಹೊರತು ಯಾವ ಮಾನದಲ್ಲಿ ಎಂದು ಬರೆದಿಲ್ಲ. ಇದು ದೊಡ್ಡ ಲೋಪ. ಫೋನಿನ ಉಚಿತ ಆ್ಯಪ್ ಒಂದರಲ್ಲಿ ನೋಡಿದಾಗ ಮೂಲೆಯಲ್ಲಿ ಐವತ್ತು ಲಕ್ಸ್ (ಬೆಳಕನ್ನು ಅಳೆಯುವ ಮಾನ) ಹತ್ತಿರ, ಕಿಟಕಿಯ ಬಳಿ ಸಾವಿರದೈನೂರರ ಹತ್ತಿರ ಬಂತು. ನಮ್ಮ ಕಣ್ಣು ಮಬ್ಬಿಗೆ ಎಷ್ಟು ಬೇಗ ಹೊಂದಿಕೊಳ್ಳುತ್ತದೆಂದರೆ, ಮೂವತ್ತು ಪಟ್ಟು ವ್ಯತ್ಯಾಸವಿರುವ ಈ ಎರಡು ಜಾಗಗಳೂ ನನಗೆ “ಬೆಳಕಿರುವ ಹಾಲು” ಎಂದೇ ಕಾಣುತ್ತಿದ್ದವು. ನೆರಳಿನ ಗಿಡ ಎಂದರೆ ಕತ್ತಲಿನ ಗಿಡವಲ್ಲ. ಕಾಡಿನಲ್ಲಿ ಮರದ ಕೆಳಗಿರುವ ನೆರಳೂ ನಮ್ಮ ಹಾಲಿನ ಮೂಲೆಗಿಂತ ಬಹಳ ಬೆಳಕುಳ್ಳದ್ದು. ಬೆಳಕು ಸಾಲದಿದ್ದರೆ ಗಿಡ ನೀರು ಕುಡಿಯುವುದೂ ಕಡಿಮೆಯಾಗಿ, ಅದೇ ಎರಡು ಚೊಂಬು ನೀರು ವಾರಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ನನ್ನ ಗಿಡದ ಕಾಯಿಲೆಯ ಮೂಲ ನೀರಿಗಿಂತ ಹೆಚ್ಚಾಗಿ ಆ ಮೂಲೆಯಲ್ಲಿತ್ತೆಂದು ಈಗ ಅನ್ನಿಸುತ್ತದೆ. ಕುಂಡವನ್ನು ಕಿಟಕಿಯ ಬಳಿ, ನೇರ ಬಿಸಿಲು ಎಲೆಗೆ ತಾಗದಂತೆ ತೆಳ್ಳಗಿನ ಪರದೆಯ ಹಿಂದೆ ಇಟ್ಟೆ. ಹಾಗೆಂದು ಬೆಳಕಿನ ಮಾಪಕಕ್ಕಾಗಿಯೇ ಇದನ್ನು ಕೊಳ್ಳಿ ಎನ್ನಲಾರೆ. ಫೋನಿನ ಆ್ಯಪ್ ಇದೇ ಕೆಲಸವನ್ನು ಇನ್ನೂ ಚೆನ್ನಾಗಿ, ಬಿಟ್ಟಿಯಾಗಿ ಮಾಡುತ್ತದೆ.

ಪಿಎಚ್ ಭಾಗದ ಬಗ್ಗೆ ಹೆಚ್ಚು ಬರೆಯಬೇಕಾದದ್ದಿಲ್ಲ. ಒಣ ಮಣ್ಣಿನಲ್ಲಿ 8 ಹತ್ತಿರ ನಿಂತ ಮುಳ್ಳು, ಅದೇ ಜಾಗಕ್ಕೆ ನೀರು ಹಾಕಿದ ಒಂದು ನಿಮಿಷಕ್ಕೆ ಆರೂವರೆಗೆ ಇಳಿಯಿತು. ನಮ್ಮ ಗಡಸು ನೀರು ಮಣ್ಣನ್ನು ಹುಳಿಯಾಗಿಸುವುದು ಸಾಧ್ಯವಿಲ್ಲ. ಅದೇ ಕಡ್ಡಿ, ಅದೇ ವಿದ್ಯುತ್; ಅಂಕಿಗಳನ್ನು ಮಾತ್ರ ತಿರುವು ಮುರುವಾಗಿ ಬರೆದಿಟ್ಟಂತಿದೆ. ತೋಟವಿರುವವರು, ಮಣ್ಣಿನ ರಸಸಾರ ನಿಜವಾಗಿ ತಿಳಿಯಬೇಕಾದವರು ಕೃಷಿ ವಿಜ್ಞಾನ ಕೇಂದ್ರದ ಪ್ರಯೋಗಾಲಯಕ್ಕೆ ಮಣ್ಣು ಕೊಡುವುದೇ ಸರಿ. ಕುಂಡದ ಗಿಡವೊಂದಕ್ಕೆ ಅದರ ಅಗತ್ಯವೇ ಬೀಳುವುದಿಲ್ಲ.

ಹೊಸ ಕುಂಡಕ್ಕೆ ಬದಲಾಯಿಸಿದ ಮೇಲೆ ಇನ್ನು ಮೀಟರಿನ ಮಾತು ಕೇಳಿ ನೀರು ಹಾಕಬಾರದೆಂದು ನಿಶ್ಚಯಿಸಿದೆ. ಆದರೆ ಅದರ ಮಾತನ್ನು ಬರೆದಿಡುವುದನ್ನು ಬಿಡಲಿಲ್ಲ. ಪಕ್ಕದಲ್ಲಿ ಸಾಕ್ಷಿಗೆಂದು, ಕೇಕ್ ಮಾಡುವಾಗ ಹಿಟ್ಟು ತೂಗಲು ತಂದಿದ್ದ ಅಡುಗೆಮನೆಯ ತಕ್ಕಡಿಯನ್ನು ಇಟ್ಟುಕೊಂಡೆ. ಪೂರ್ತಿ ನೀರು ಹಾಕಿ, ತಳದ ತೂತಿನಿಂದ ಸೋರುವುದು ನಿಂತ ಮೇಲೆ ಕುಂಡ 1,150 ಗ್ರಾಂ ತೂಗುತ್ತಿತ್ತು. ಎಲೆಗಳು ತುಸು ಸಡಿಲವಾಗುವ ಹೊತ್ತಿಗೆ 850 ಗ್ರಾಂ. ಈ ಎರಡರ ನಡುವಿನ ಮುನ್ನೂರು ಗ್ರಾಂ ಎಂದರೆ ಗಿಡಕ್ಕೆ ಸಿಗುವ ನೀರು. ತೂಕಕ್ಕೆ ಲವಣದ ಹಂಗಿಲ್ಲ, ಕಡ್ಡಿ ಎಲ್ಲಿ ನಿಂತಿದೆಯೆಂಬ ಹಂಗೂ ಇಲ್ಲ. ಆರು ವಾರ ದಿನಬಿಟ್ಟು ದಿನ ಎರಡನ್ನೂ ಬರೆದಿಟ್ಟೆ.

ಆ ಪುಟಗಳನ್ನು ಈಗ ತಿರುವಿದರೆ ಮೀಟರಿನ ಸ್ವಭಾವ ಸ್ಪಷ್ಟವಾಗುತ್ತದೆ. 1,150ರಿಂದ 1,050 ಗ್ರಾಮಿನವರೆಗೆ ಮುಳ್ಳು 10ರಲ್ಲೋ 9ರಲ್ಲೋ ಇರುತ್ತಿತ್ತು. ಸಾವಿರದ ಆಸುಪಾಸಿನಲ್ಲಿ, ಅಂದರೆ ಕುಂಡದಲ್ಲಿ ಇನ್ನೂ ಅರ್ಧದಷ್ಟು ನೀರಿರುವಾಗ, ಒಮ್ಮೆಲೇ 3ಕ್ಕೆ ಬೀಳುತ್ತಿತ್ತು. ನಡುವಿನ ಹಸಿರು ಪಟ್ಟಿಯಲ್ಲಿ ಅದು ನಿಂತದ್ದು ಆರು ವಾರಗಳಲ್ಲಿ ನಾಲ್ಕು ಸಲ ಮಾತ್ರ. ಕೆಂಪಿಗೆ ಬಂದ ತಕ್ಷಣ ನೀರು ಹಾಕಿ ಎಂಬ ಚೀಟಿಯ ಸಲಹೆಯನ್ನು ಪಾಲಿಸಿದ್ದರೆ ಪ್ರತಿ ಸಲವೂ ಮೂರು ನಾಲ್ಕು ದಿನ ಮೊದಲೇ ನೀರು ಹಾಕುತ್ತಿದ್ದೆ, ಅಂದರೆ ಮೊದಲು ಮಾಡಿದ್ದ ತಪ್ಪನ್ನೇ ಮತ್ತೆ ಮಾಡುತ್ತಿದ್ದೆ. ಆಗಸ್ಟ್ ಕೊನೆಯ ವಾರದಲ್ಲಿ, ನಡುವಿನ ತೊಟ್ಟೊಂದರ ಪಕ್ಕದಿಂದ ಸುರುಳಿ ಸುತ್ತಿಕೊಂಡ, ಸೂಜಿಯಷ್ಟು ಚೂಪಾದ ತಿಳಿ ಹಸಿರಿನ ಎಲೆಯೊಂದು ಹೊರಬಂತು. ಅದು ಬಿಚ್ಚಿಕೊಳ್ಳಲು ಒಂಬತ್ತು ದಿನ ತೆಗೆದುಕೊಂಡಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ನಿಲ್ಲುವುದು ಮನೆಯವರಿಗೆಲ್ಲ ನಗೆಯ ವಿಷಯವಾಯಿತು. ಎರಡನೆಯ ಎಲೆಯೂ ಬಂದ ಮೇಲೆ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮಪಾಲಿನಲ್ಲಿರುವ, ರೈತರು 19 ಆಲ್ ಎಂದು ಕರೆಯುವ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಮಿನಂತೆ ತೀರಾ ತೆಳ್ಳಗೆ ಕರಗಿಸಿ ಒಂದು ಸಲ ಕೊಟ್ಟೆ. ಅದರ ಮರುವಾರ ತಕ್ಕಡಿ 870 ಗ್ರಾಂ ಎಂದು, ಕುಂಡ ಒಣಗಿದೆಯೆಂದು ಹೇಳುತ್ತಿದ್ದರೂ ಮೀಟರ್ 7 ತೋರಿಸಿತು. ಗೊಬ್ಬರವೂ ಲವಣವೇ ತಾನೆ.

ಕಡ್ಡಿಯ ಬಾಳಿಕೆಯ ಬಗ್ಗೆ ಒಂದು ಎಚ್ಚರಿಕೆ. ಮಾರುವವರ ಚಿತ್ರಗಳಲ್ಲಿ ಮೀಟರನ್ನು ಕುಂಡದಲ್ಲೇ ನೆಟ್ಟು ಅಲಂಕಾರಕ್ಕೆಂಬಂತೆ ಬಿಟ್ಟಿರುವುದನ್ನು ನೋಡಿ ನಾನೂ ಒಮ್ಮೆ ಮೂರು ವಾರ ಹಾಗೆಯೇ ಬಿಟ್ಟೆ. ತೆಗೆದಾಗ ಒಂದು ಕಡ್ಡಿಯ ತುದಿ ಕಪ್ಪಾಗಿ ಚುಕ್ಕೆ ಬಿದ್ದಿತ್ತು, ಮುಳ್ಳೂ ಸೋಮಾರಿಯಾಗಿತ್ತು. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನಲ್ಲಿ ತಿಕ್ಕಿ ಒರೆಸಿದ ಮೇಲೆ ಅದೇ ಕುಂಡದ ಅದೇ ಜಾಗದಲ್ಲಿ ಮುಳ್ಳು ಎರಡು ಅಂಕಿ ಮೇಲೆ ನಿಂತಿತು. ಒಂದು ನಿಮಿಷ ಚುಚ್ಚಿ, ನೋಡಿ, ತೆಗೆದು, ಬಟ್ಟೆಯಲ್ಲಿ ಒರೆಸಿಡಬೇಕೆಂದು ಚೀಟಿಯಲ್ಲಿದೆ, ಚಿತ್ರದಲ್ಲಿಲ್ಲ. ಒಣಗಿ ಗಟ್ಟಿಯಾದ ಕೆಮ್ಮಣ್ಣಿಗೆ ಬಲವಂತವಾಗಿ ಚುಚ್ಚುವುದೂ ಬೇಡ. ಕಡ್ಡಿಗಳು ತೆಳ್ಳಗಿದ್ದು ಬೇಗ ಬಾಗುತ್ತವೆ.

ಇಷ್ಟಾದರೂ ನಾನು ಅದನ್ನು ಹಿಂದಿರುಗಿಸಲಿಲ್ಲ, ಎಸೆಯಲೂ ಇಲ್ಲ, ಏಕೆಂದರೆ ಅದಕ್ಕೆ ಸರಿಯಾಗಿ ಒಗ್ಗುವ ಕೆಲಸವೊಂದಿದೆ. ಯಾವ ಕುಂಡವಾದರೂ ನೀರು ಸೋರಿ ನಿಂತ ಮೇಲೆ ತಳದ ಒಂದಿಷ್ಟು ಭಾಗ ತೊಟ್ಟಿಕ್ಕುವಷ್ಟು ಒದ್ದೆಯಾಗಿಯೇ ಉಳಿಯುತ್ತದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಅಡ್ಡಲಾಗಿ ಹಿಡಿದು, ನೀರು ತೊಟ್ಟಿಕ್ಕುವುದು ನಿಂತ ಮೇಲೆ ನೆಟ್ಟಗೆ ತಿರುಗಿಸಿದರೆ ಮತ್ತೆ ನೀರು ಸೋರುವುದನ್ನು ನೋಡಬಹುದು. ಮಣ್ಣೂ ಹಾಗೆಯೇ, ತನ್ನ ಕೆಳಗಿನ ಅಂಚಿನಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತಳಕ್ಕೆ ಹೆಂಚಿನ ಚೂರು, ಜಲ್ಲಿ ತುಂಬಿದರೆ ಇದು ತಪ್ಪುವುದಿಲ್ಲ. ಒದ್ದೆಯ ಪದರ ಅಷ್ಟು ಮೇಲಕ್ಕೆ ಏರುತ್ತದೆ, ಅಷ್ಟೆ. ಒಂದು ಹೆಂಚಿನ ಚೂರಿನಿಂದ ತೂತನ್ನು ಮುಚ್ಚಿ ಮಣ್ಣು ಜಾರದಂತೆ ಮಾಡುವುದು ಬೇರೆ, ಮೂರಿಂಚು ಜಲ್ಲಿ ಸುರಿಯುವುದು ಬೇರೆ. ಐದು ಇಂಚಿನ ಕುಂಡದಲ್ಲಿ ಈ ತಳದ ತೇವವನ್ನು ಕುಂಡ ಎತ್ತಿ ನೋಡಿದರೇ ತಿಳಿಯಬಹುದು. ಎತ್ತಲಾಗದ ಸಿಮೆಂಟ್ ಕುಂಡದಲ್ಲಿ, ಒಂದೇ ಜಾತಿಯ ಮಣ್ಣು ಮೇಲಿನಿಂದ ಕೆಳಗಿನವರೆಗೆ ತುಂಬಿರುವಲ್ಲಿ, ಬೆರಳು ಎರಡು ಇಂಚಿಗಿಂತ ಕೆಳಗೆ ಇಳಿಯುವುದಿಲ್ಲ, ತಕ್ಕಡಿಯ ಮಾತಂತೂ ಬೇಡವೇ ಬೇಡ. ಅಲ್ಲಿ ಈ ಮೀಟರಿನ ಕಡ್ಡಿಯನ್ನು ಮೊದಲು ಮೇಲ್ಭಾಗದಲ್ಲಿ, ಆಮೇಲೆ ಪೂರ್ತಿ ಆಳಕ್ಕೆ ಇಳಿಸಿ, ಎರಡು ಅಂಕಿಗಳ ನಡುವಿನ ಅಂತರವನ್ನು ನೋಡಿದರೆ ಉಪಯೋಗವುಂಟು. ಅಂಕಿಯ ಬೆಲೆಯನ್ನು ನಂಬದೆ ಒಂದಕ್ಕಿಂತ ಇನ್ನೊಂದು ಎಷ್ಟು ಹೆಚ್ಚೆಂದು ಮಾತ್ರ ಕೇಳಿದರೆ ಅದು ಸಾಮಾನ್ಯವಾಗಿ ಸರಿಯಾದ ಉತ್ತರವನ್ನೇ ಕೊಡುತ್ತದೆ. ಇದೇ ಕೆಲಸಕ್ಕೆ ಕಡ್ಡಿ ಪೊರಕೆಯ ಒಂದು ದಪ್ಪ ಕಡ್ಡಿಯನ್ನು ಆಳಕ್ಕೆ ಚುಚ್ಚಿ ಎಳೆದು, ಮಣ್ಣು ಅಂಟಿದೆಯೇ, ತುದಿ ತಣ್ಣಗಿದೆಯೇ ಎಂದು ನೋಡುವುದೂ ಸಾಕಾಗುತ್ತದೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಹೊಸಬರಿಗೆ ಅಂಕಿಯೊಂದು ಕಂಡರೆ ಕೈಗೆ ಧೈರ್ಯ ಬರುತ್ತದೆ, ಆ ಧೈರ್ಯಕ್ಕೆ 349 ರೂಪಾಯಿ ಹೆಚ್ಚೇನಲ್ಲ.

ಹಾಗಾಗಿ ಮನೆಯೊಳಗೆ ಐದಾರು ಸಣ್ಣ ಕುಂಡಗಳಿಟ್ಟುಕೊಂಡು, ಅದರಲ್ಲೊಂದು ಸೊರಗಿದೆಯೆಂದು ಹುಡುಕುತ್ತ ಬಂದವರು ಇದನ್ನು ಕೊಳ್ಳಬೇಡಿ. ಗಿಡವನ್ನು ಕುಂಡದಿಂದ ಹೊರತೆಗೆದು ಬೇರನ್ನೇ ಕಣ್ಣಾರೆ ನೋಡಿ. ಅದಕ್ಕೆ ಧೈರ್ಯ ಬೇಕು, ನನಗೆ ಹತ್ತು ದಿನ ತಡವಾಗಿ ಬಂತು. ಅಡುಗೆಮನೆಯಲ್ಲಿ ತಕ್ಕಡಿಯಿದ್ದರೆ ಅದನ್ನು ಬಳಸಿ, ಇಲ್ಲದಿದ್ದರೆ ಅದೇ ದುಡ್ಡಿಗೆ ಅದನ್ನೇ ಕೊಳ್ಳಬಹುದು. ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ. ಪಿಎಚ್ ಎಂಬ ಆ ಮೂರನೆಯ ಅಂಕಣವನ್ನು ಅಳಿಸಿ, ಬೆಳಕಿನ ಮಾನವನ್ನು ಬರೆದು, “ನಾಲ್ಕು ಕಡೆ ಚುಚ್ಚಿ ನೋಡಿ” ಎಂಬ ಒಂದು ಸಾಲನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರೆ ಮೂರೂವರೆ ಕೊಡುತ್ತಿದ್ದೆ.

ಪೀಸ್ ಲಿಲಿಗೆ ಈಗ ಒಂಬತ್ತು ಎಲೆಗಳಿವೆ, ಹೂವು ಬಂದಿಲ್ಲ. ಮೀಟರ್ ಇರುವುದು ಕೆಳಮನೆಯಲ್ಲಿ. ಅಂದು ಮೆಟ್ಟಿಲ ಮೇಲೆ ನಿಂತು ಜ್ವರದ ವಿಷಯ ಕೇಳಿದ್ದ ಹಿರಿಯರ ಮನೆಯ ಮುಂದೆ ಇಬ್ಬರು ಸೇರಿದರೂ ಅಲುಗಿಸಲಾಗದ ಸಿಮೆಂಟ್ ತೊಟ್ಟಿಯೊಂದಿದೆ, ಅದರಲ್ಲಿ ಅವರ ಎತ್ತರಕ್ಕೆ ಬೆಳೆದ ಅರೆಕಾ ಪಾಮ್ ಇದೆ, ಅದರ ಗರಿಗಳ ತುದಿ ಕೆಲವು ತಿಂಗಳಿಂದ ಕಂದಾಗುತ್ತ ಬಂದಿದೆ. ಕಳೆದ ಭಾನುವಾರ ಅವರು ಕೆಳಗಿನಿಂದಲೇ ಕೂಗಿ ಕೇಳಿದರು: “ಮೇಲ್ಗಡೆ ಮೂರು ಬರ್ತಿದೆ, ಪೂರ್ತಿ ಇಳಿಸಿದ್ರೆ ಒಂಬತ್ತು. ನೀರು ಹಾಕ್ಲಾ, ಬೇಡ್ವಾ?”

“ಬೇಡ ಆಂಟಿ, ಇನ್ನೊಂದು ವಾರ ಬಿಡಿ,” ಎಂದೆ.